ದೇವರಿಗೆ ನನ್ನ ಹೆಸರು ಗೊತ್ತೇ? ಬೀದರಿನ ಸಭೆಗಳಲ್ಲಿ ಪ್ರವಾದನೆಯ ಪ್ರಶ್ನೆ

ಬೀದರಿನ ಮಂಗಲಪೇಟದ ಒಂದು ಮನೆಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಇದೆ. ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ‘ದೇವರ ಮಾತು’ ಎಂದು ಬರೆದಿದೆ. ಅದು ಆ ಮನೆಯ ತಾಯಿಯದು. ವಯಸ್ಸು ಅರವತ್ತರ ಆಸುಪಾಸು. ದೂರದ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕು. ಹತ್ತು ವರ್ಷಗಳಿಂದ ತಾವು ಹೋದ ಉಪವಾಸ ಪ್ರಾರ್ಥನೆಗಳಲ್ಲಿ, ಮೈದಾನದ ಕೂಟಗಳಲ್ಲಿ, ವೇದಿಕೆಯ ಮೇಲಿನ ಸೇವಕರು ತಮಗೆಂದು ನುಡಿದ ಮಾತುಗಳನ್ನೆಲ್ಲ ಅವರು ತಾರೀಖು ಹಾಕಿ ಬರೆದಿಟ್ಟಿದ್ದಾರೆ. ‘ಮಗನಿಗೆ ವರ್ಷದೊಳಗೆ ಸರಕಾರಿ ನೌಕರಿ.’ ‘ಮನೆಯ ಸಾಲ ತೀರುತ್ತದೆ, ಕಾಗದ ಕೈಗೆ ಬರುತ್ತದೆ.’ ‘ಮಂಡಿಯ ನೋವು ಇಂದೇ ಹೋಯಿತು.’ ಕೆಲವು ಸಾಲುಗಳ ಪಕ್ಕದಲ್ಲಿ ಸಣ್ಣ ಶಿಲುಬೆಯ ಗುರುತಿದೆ, ನೆರವೇರಿತು ಎಂದರ್ಥ. ಹೆಚ್ಚಿನ ಸಾಲುಗಳ ಪಕ್ಕದಲ್ಲಿ ಏನೂ ಇಲ್ಲ.

ಅದೇ ಮನೆಯ ಪಡಸಾಲೆಯಲ್ಲಿ ಶನಿವಾರ ಸಂಜೆ ಅವರ ಮಗ ಐದಾರು ಗೆಳೆಯರನ್ನು ಕೂಡಿಸಿಕೊಂಡು ಓದುತ್ತಾನೆ. ಅವನು ಹೈದರಾಬಾದಿನಲ್ಲಿ ಕೆಲಸಕ್ಕಿದ್ದು ವಾರದ ಕೊನೆಗೆ ಊರಿಗೆ ಬರುವವನು. ಚಾಪೆಯ ಮೇಲೆ ಸತ್ಯವೇದ, ಮೊಬೈಲಿನಲ್ಲಿ ಕ್ರೈಸ್ತ ವಿಶ್ವಾಸವನ್ನು ಪ್ರಶ್ನೆ ಉತ್ತರಗಳಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ ಇಂಗ್ಲಿಷ್ ಪಾಠ. ಮೊದಲ ಪ್ರಶ್ನೆಯೇ ಅವರನ್ನು ಎರಡು ವಾರ ಹಿಡಿದು ನಿಲ್ಲಿಸಿತು: ಬದುಕಿನಲ್ಲಿಯೂ ಸಾವಿನಲ್ಲಿಯೂ ನಿನಗಿರುವ ಒಂದೇ ಆದರಣೆ ಯಾವುದು? ನಾನು ನನ್ನವನಲ್ಲ, ದೇಹ ಆತ್ಮಗಳೆರಡರಲ್ಲೂ ಯೇಸು ಕ್ರಿಸ್ತನಿಗೆ ಸೇರಿದವನು ಎಂಬುದೇ ಉತ್ತರದ ಆರಂಭ. ಇವರನ್ನು ಸುತ್ತಲಿನವರು ‘ರಿಫಾರ್ಮ್ಡ್ ಹುಡುಗರು’, ಎಂದರೆ ಸುಧಾರಕ ಕ್ಯಾಲ್ವಿನ್‌ನ ದಾರಿ ಹಿಡಿದವರು, ಎನ್ನುತ್ತಾರೆ. ಹೊಗಳಿಕೆಯಾಗಿಯೂ ಹೇಳುತ್ತಾರೆ, ಬೈಗುಳವಾಗಿಯೂ ಹೇಳುತ್ತಾರೆ.

ಒಂದೇ ಮನೆಯೊಳಗಿನ ಈ ಎರಡು ಪುಸ್ತಕಗಳ ನಡುವೆ ಇವತ್ತು ನಮ್ಮ ಕ್ರೈಸ್ತ ಸಭೆಗಳ ದೊಡ್ಡ ಚರ್ಚೆ ನಿಂತಿದೆ. ದೇವರು ಈಗಲೂ ಪ್ರವಾದಿಗಳ ಬಾಯಿಂದ ಹೊಸ ಮಾತು ಆಡುತ್ತಾನೆಯೇ? ಅಥವಾ ಆಡಬೇಕಾದದ್ದನ್ನೆಲ್ಲ ಸತ್ಯವೇದದಲ್ಲಿ ಆಡಿ ಮುಗಿಸಿದ್ದಾನೆಯೇ? ಆಡುತ್ತಾನೆ ಎಂದಾದರೆ ಅದನ್ನು ತೂಗಿ ನೋಡುವವರು ಯಾರು? ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮೊದಲೆರಡರ ಬಗ್ಗೆ ವಾದಿಸಿ ದಣಿದವರು ಅಲ್ಲಿಯವರೆಗೆ ಬರುವುದೇ ಅಪರೂಪ.

‘ಪ್ರವಾದಿ’ ಎಂಬ ಶಬ್ದವನ್ನೇ ಮೊದಲು ನೋಡೋಣ. ಸತ್ಯವೇದದ ಇಬ್ರಿಯ ಮೂಲದಲ್ಲಿ ಪ್ರವಾದಿಗೆ ‘ನಾಬಿ’ ಎಂಬ ಶಬ್ದವಿದೆ. ಬೀದರಿನವರಿಗೆ ಅದು ಹೊಸದಲ್ಲ; ನಮ್ಮ ಮುಸ್ಲಿಂ ನೆರೆಹೊರೆಯವರು ದಿನವೂ ಹೇಳುವ ‘ನಬಿ’ಯ ಒಡಹುಟ್ಟು ಅದು. ಕನ್ನಡದಲ್ಲಿ ಯೆಶಾಯನೂ ಪ್ರವಾದಿ, ಪೈಗಂಬರರೂ ಪ್ರವಾದಿ, ಕೂಟದ ಪೋಸ್ಟರಿನಲ್ಲಿ ಕೋಟು ತೊಟ್ಟು ಕೈಯೆತ್ತಿ ನಿಂತವರೂ ಪ್ರವಾದಿ. ಮೂವರೂ ಒಂದೇ ಶಬ್ದದೊಳಗೆ ಬಂದಾಗ ಕೇಳುವವರ ಮನಸ್ಸಿನಲ್ಲಿ ಅಧಿಕಾರವೂ ಒಂದೇ ಆಗಿಬಿಡುತ್ತದೆ. ಇದಕ್ಕೆ ನಮ್ಮ ನೆಲದ ಇನ್ನೊಂದು ಅಭ್ಯಾಸವೂ ಸೇರುತ್ತದೆ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನ ಇಲ್ಲಿ ಶತಮಾನಗಳಿಂದ ಕೇಳಿಬಂದದ್ದು. ಜಾತ್ರೆಯಲ್ಲಿ ಕಾರಣಿಕ ನುಡಿದರೆ ಮಳೆ ಬೆಳೆಯ ಲೆಕ್ಕ ಹಾಕುವವರು ನಾವು. ಮುಂದೆ ಆಗುವುದನ್ನು ಒಬ್ಬರು ನುಡಿಯುತ್ತಾರೆ, ಉಳಿದವರು ಅರ್ಥ ಬಿಡಿಸುತ್ತಾರೆ ಎಂಬುದು ನಮ್ಮ ಕಿವಿಗೆ ಹಳೆಯ ಪರಿಚಯ. ಕ್ರೈಸ್ತರಾದ ಮೇಲೂ ಆ ಕಿವಿ ಬದಲಾಗಲಿಲ್ಲ. ಅದನ್ನು ತಪ್ಪು ಎನ್ನುತ್ತಿಲ್ಲ. ಆದರೆ ಸತ್ಯವೇದದಲ್ಲಿ ಪ್ರವಾದಿಯ ಮುಖ್ಯ ಕೆಲಸ ಭವಿಷ್ಯ ಹೇಳುವುದಲ್ಲ. ಅರಸನ ಎದುರಿಗೆ, ದೇವಾಲಯದ ಬಾಗಿಲಿನಲ್ಲಿ, ಬಡವರ ಹೊಲ ನುಂಗಿದವರ ಮುಂದೆ ನಿಂತು ‘ಒಡಂಬಡಿಕೆ ಮುರಿದಿದ್ದೀರಿ, ತಿರುಗಿಕೊಳ್ಳಿರಿ’ ಎನ್ನುವುದು ಅವನ ಕೆಲಸ. ಮುಂದಾಗುವುದನ್ನು ಹೇಳಿದ್ದೂ ಆ ಕರೆಯ ಭಾಗವಾಗಿಯೇ. ಆಮೋಸನು ಯಾರಿಗೂ ನೌಕರಿಯ ಮಾತು ಹೇಳಲಿಲ್ಲ.

ಇಂದಿನ ಕೂಟಗಳಲ್ಲಿ ಪ್ರವಾದನೆ ಎನ್ನುವುದು ಹೆಚ್ಚಾಗಿ ಮೂರು ಬಗೆಯದು. ಒಂದು, ಜನರ ನಡುವಿನಿಂದ ಒಬ್ಬರನ್ನು ಕರೆದು ಅವರ ಕಷ್ಟವನ್ನು ತಾನೇ ಹೇಳುವುದು. ಒಂದನೇ ಕೊರಿಂಥದ 12ನೇ ಅಧ್ಯಾಯದ ಆಧಾರದ ಮೇಲೆ ಇದನ್ನು ‘ಜ್ಞಾನವಾಕ್ಯ’ ಎನ್ನುತ್ತಾರೆ. ಎರಡು, ಬರುವ ದಿನಗಳ ಬಗ್ಗೆ ವಾಗ್ದಾನ. ಮೂರು, ದೇಶ, ಚುನಾವಣೆ, ಯುದ್ಧಗಳ ಬಗ್ಗೆ ಘೋಷಣೆ. ಮೂರನೆಯದು ಮೊಬೈಲಿನಲ್ಲಿ ಜೋರಾಗಿ ಓಡುತ್ತದೆ. ಆದರೆ ಮನೆ ಮುರಿಯುವುದೂ ಕಟ್ಟುವುದೂ ಮೊದಲೆರಡು.

‘ಇಲ್ಲಿ ಮಂಡಿನೋವಿನ ಒಬ್ಬ ತಾಯಿ ಇದ್ದಾಳೆ’ ಎಂದು ಎಂಟುನೂರು ಜನರ ಮುಂದೆ ಹೇಳಿದರೆ, ಹೊಲದಲ್ಲಿ ಕೂತು ಕಳೆ ಕಿತ್ತು ಮುಪ್ಪಾದ ಹೆಂಗಸರ ಊರಿನಲ್ಲಿ ಐವತ್ತು ಕೈಗಳು ಏಳುತ್ತವೆ. ಅದಕ್ಕೆ ಪರಲೋಕದ ಪ್ರಕಟನೆ ಬೇಕಿಲ್ಲ. ಕೂಟಕ್ಕೆ ಮೊದಲೇ ಪ್ರಾರ್ಥನೆಯ ಚೀಟಿಯಲ್ಲಿ ಹೆಸರು, ಊರು, ಕಷ್ಟ, ಫೋನ್ ನಂಬರು ಬರೆಸಿಕೊಳ್ಳುವ ಕಡೆ ಒಬ್ಬರನ್ನು ಹೆಸರು ಹಿಡಿದು ಕರೆಯುವುದೂ ಕಷ್ಟವಲ್ಲ. ಎಲ್ಲರೂ ಹೀಗೆ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ಪ್ರಾಮಾಣಿಕವಾಗಿ ದೇವರ ಮುಂದೆ ಕಾದು, ಭಯದಿಂದ ಮಾತಾಡುವ ಸೇವಕರನ್ನು ನಾನು ಬಲ್ಲೆ. ಹಳ್ಳಿಯ ಸಣ್ಣ ಪೆಂತೆಕೊಸ್ತ ಸಭೆಯ ಪಾಸ್ಟರ್ ಒಬ್ಬರು ಅರ್ಧರಾತ್ರಿಯಲ್ಲಿ ಬೈಕು ಹತ್ತಿ ರೋಗಿಯ ಹಾಸಿಗೆಯ ಬಳಿ ಬಂದು ಕೂತದ್ದನ್ನು, ಒಂದು ರೂಪಾಯಿಯನ್ನೂ ಮುಟ್ಟದೆ ಹೊರಟದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಒಳ್ಳೆಯವರು ಇದ್ದಾರೆ ಎಂಬ ಕಾರಣಕ್ಕೆ ಪರೀಕ್ಷೆಯೇ ಬೇಡ ಎನ್ನಲಾಗದು. ನನ್ನ ಕಾಕಾ ಒಬ್ಬರು ‘ನಿನ್ನಲ್ಲಿ ಸಕ್ಕರೆ ಕಾಯಿಲೆ ಇಲ್ಲ, ನಂಬು’ ಎಂಬ ಮಾತನ್ನು ನಂಬಿ ಮೂರು ತಿಂಗಳು ಮಾತ್ರೆ ಬಿಟ್ಟರು. ಕಾಲಿನ ಹುಣ್ಣು ಮಾಯಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಆ ಸೇವಕರು ಮರುವರ್ಷವೂ ಅದೇ ಮೈದಾನಕ್ಕೆ ಬಂದು ಅದೇ ದನಿಯಲ್ಲಿ ಮಾತಾಡಿದರು. ಯಾರೂ ಎದ್ದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಏಕೆ ಕೇಳುವುದಿಲ್ಲ? ‘ಅಭಿಷಿಕ್ತರನ್ನು ಮುಟ್ಟಬೇಡಿರಿ’ ಎಂಬ ಕೀರ್ತನೆಯ ವಚನವನ್ನು ನಮ್ಮ ಬಾಯಿಗೆ ಬೀಗವಾಗಿ ಹಾಕಲಾಗಿದೆ. ಇನ್ನೊಂದು ಹೆದರಿಕೆಯೂ ಇದೆ: ಒಳಗಿನ ಮಾತು ಹೊರಗೆ ಹೋದರೆ ಕ್ರೈಸ್ತರ ಮೇಲೆ ಮೊದಲೇ ಕಣ್ಣಿಟ್ಟವರಿಗೆ ಅದೇ ಕಲ್ಲಾಗುತ್ತದೆ. ಆ ಹೆದರಿಕೆ ಸುಳ್ಳಲ್ಲ. ಆದರೂ ಗಾಯ ಮುಚ್ಚಿಟ್ಟರೆ ಕಾಕಾನ ಕಾಲಿನ ಗತಿಯೇ ಸಭೆಗೂ.

ಬೀದರ್, ಹುಮನಾಬಾದ್, ಕಲಬುರಗಿ, ಯಾದಗಿರಿ ಕಡೆಯ ಕ್ರೈಸ್ತರಲ್ಲಿ ಮೆಥೊಡಿಸ್ಟರದು ದೊಡ್ಡ ಪಾಲು. ನಿಜಾಮರ ಕಾಲದಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ ಇಲ್ಲಿ ಕೆಲಸ ಮಾಡಿತು. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಈ ಮೆಥೊಡಿಸ್ಟರು ಅದರೊಳಗೆ ಹೋಗಲಿಲ್ಲ. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯಾಗಿ ಸ್ವತಂತ್ರರಾದರು. ಇವರ ಮೂಲಪುರುಷ ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ. ದೇವರು ಕೆಲವರನ್ನು ಮಾತ್ರ ರಕ್ಷಣೆಗೆ ಮೊದಲೇ ನೇಮಿಸಿದ್ದಾನೆ ಎಂಬ ಕ್ಯಾಲ್ವಿನ್ ಪಂಥದ ಬೋಧನೆಯ ವಿರುದ್ಧ 1739ರಲ್ಲಿ ಖಂಡತುಂಡವಾಗಿ ಪ್ರಸಂಗ ಮಾಡಿದವರು ಅವರು. ಆ ಪ್ರಸಂಗದಿಂದಲೇ ಅವರಿಗೂ ಜೊತೆಗಾರ ಜಾರ್ಜ್ ವೈಟ್‌ಫೀಲ್ಡ್‌ಗೂ ಬಿರುಕು ಬಿತ್ತು. ಹಾಗಿರುವಾಗ ವೆಸ್ಲಿಯ ಮೊಮ್ಮಕ್ಕಳ ಮೊಮ್ಮಕ್ಕಳು ಮಂಗಲಪೇಟದಲ್ಲಿ ಕೂತು ಕ್ಯಾಲ್ವಿನ್ ಓದುತ್ತಿರುವುದು ಸಣ್ಣ ಸಂಗತಿಯಲ್ಲ. ಹಿರಿಯರಿಗೆ ಇರಿಸುಮುರಿಸಾಗುವುದು ಸಹಜ.

ಆದರೆ ಪ್ರವಾದನೆಯ ವಿಷಯಕ್ಕೆ ಬಂದರೆ ವೆಸ್ಲಿಯೇ ನಮಗೆ ಒಳ್ಳೆಯ ಗುರು. ಲಂಡನ್ನಿನ ಅವರ ಸಂಘದಲ್ಲಿ ಜಾರ್ಜ್ ಬೆಲ್ ಎಂಬ ಮಾಜಿ ಸೈನಿಕನೊಬ್ಬನಿದ್ದ. 1763ರ ಫೆಬ್ರುವರಿ 28ರಂದು ಲೋಕ ಕೊನೆಗೊಳ್ಳುತ್ತದೆ ಎಂದು ಅವನು ಸಾರಿದ. ಮೊದಮೊದಲು ವೆಸ್ಲಿ ಅವನ ಮೇಲೆ ಬಿಗಿಯಾಗಲಿಲ್ಲ. ಆತ್ಮನ ಕೆಲಸವನ್ನು ನಂದಿಸಿಬಿಟ್ಟೇನೆಂಬ ಅಳುಕು ಅವರಿಗಿತ್ತು. ಕೊನೆಗೆ ಬಹಿರಂಗವಾಗಿ ಅವನ ಮಾತನ್ನು ತಳ್ಳಿಹಾಕಿದರು. ಆ ದಿನ ಸಂಜೆ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ‘ನಿನ್ನ ದೇವರನ್ನು ಎದುರುಗೊಳ್ಳಲು ಸಿದ್ಧನಾಗು’ ಎಂಬ ವಚನದ ಮೇಲೆ ಪ್ರಸಂಗ ಮಾಡಿ, ಈ ರಾತ್ರಿ ಲೋಕ ಮುಗಿಯುತ್ತದೆ ಎಂಬುದು ಎಂಥ ಅಸಂಬದ್ಧ ಎಂದು ವಿವರಿಸಿದರು. ಎಷ್ಟೋ ಜನ ಮಲಗಲು ಹೆದರಿದರು, ಕೆಲವರು ಹೊಲಗಳಲ್ಲಿ ಅಲೆದರು. ತಾವು ಎಂದಿನಂತೆ ಮಲಗಿ ಹತ್ತು ಗಂಟೆಯ ಹೊತ್ತಿಗೆ ಗಾಢ ನಿದ್ರೆಯಲ್ಲಿದ್ದುದಾಗಿ ದಿನಚರಿಯಲ್ಲಿ ಬರೆದಿದ್ದಾರೆ. ಈ ಘಟನೆಯಿಂದ ಅವರ ಸಂಘಕ್ಕೆ ನಷ್ಟವಾಯಿತು, ಜನ ಬಿಟ್ಟುಹೋದರು. ಆದರೂ ಅವರು ಸುಳ್ಳನ್ನು ಸುಳ್ಳೆಂದು ಹೇಳಿದರು, ಮತ್ತು ಆತ್ಮನಲ್ಲಿ ನಂಬಿಕೆಯನ್ನೂ ಬಿಡಲಿಲ್ಲ.

ಡಿಸೆಂಬರ್ 31ರ ರಾತ್ರಿ ನಮ್ಮ ದೇವಾಲಯಗಳಲ್ಲಿ ನಡೆಯುವ ಜಾಗರಣೆಯ ಆರಾಧನೆಯೂ ವೆಸ್ಲಿಯ ಕಾಲದಿಂದ ಮೆಥೊಡಿಸ್ಟರಿಗೆ ಬಂದ ಬಳುವಳಿ. 1755ರಲ್ಲಿ ಅವರು ಒಡಂಬಡಿಕೆಯನ್ನು ಹೊಸದಾಗಿಸುವ ಆರಾಧನೆಯನ್ನೂ ಆರಂಭಿಸಿದರು. ಕಾಲಕ್ರಮದಲ್ಲಿ ಅದು ಹೊಸ ವರ್ಷದ ಆರಂಭಕ್ಕೆ ಅಂಟಿಕೊಂಡಿತು. ಅಲ್ಲಿ ಮನುಷ್ಯ ದೇವರಿಗೆ ಮಾತು ಕೊಡುತ್ತಿದ್ದ: ನಾನು ಇನ್ನು ನನ್ನವನಲ್ಲ, ನಿನ್ನವನು, ನನ್ನನ್ನು ಬೇಕಾದಲ್ಲಿ ಇಡು ಎಂದು. ಈಗ ಅದೇ ರಾತ್ರಿ ನಾವು ‘ಇದು ಬಿಡುಗಡೆಯ ವರ್ಷ’, ‘ಇದು ದುಪ್ಪಟ್ಟು ಆಶೀರ್ವಾದದ ವರ್ಷ’ ಎಂದು ಬರೆದ ವಾಗ್ದಾನದ ಕಾರ್ಡು ಹಿಡಿದು ಮನೆಗೆ ಹೋಗುತ್ತೇವೆ. ಮಾತು ಕೊಡುವ ದಿಕ್ಕೇ ತಿರುಗಿಬಿಟ್ಟಿದೆ. ಪಡಸಾಲೆಯ ಹುಡುಗರು ಓದುವ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ ಮೊದಲ ಉತ್ತರವೂ ವೆಸ್ಲಿಯ ಒಡಂಬಡಿಕೆಯೂ ಬಹುತೇಕ ಒಂದೇ ಮಾತು ಎಂಬುದನ್ನು ಎರಡೂ ಕಡೆಯವರು ಗಮನಿಸಿದರೆ ಅರ್ಧ ಜಗಳ ತಣ್ಣಗಾದೀತು.

ಪ್ರವಾದನೆ, ಗುಣಪಡಿಸುವಿಕೆಯಂಥ ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಆತ್ಮವರಗಳ ಚಳವಳಿಯನ್ನು ಅಮೆರಿಕದಿಂದ ಬಂದ ಗಾಳಿ ಎಂದು ತಳ್ಳಿಹಾಕುವವರೂ ಇದ್ದಾರೆ. ಅದು ಸರಿಯಲ್ಲ. ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಮುಂದಾಳತ್ವದ ಕೂಟಗಳು ಶುರುವಾದದ್ದು 1906ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆಯ ಹತ್ತಿರದ ಕೇಡಗಾವಿನ ಮುಕ್ತಿ ಮಿಷನ್ನಿನಲ್ಲಿ ಪಂಡಿತಾ ರಮಾಬಾಯಿಯವರ ಆಶ್ರಯದ ಹೆಣ್ಣುಮಕ್ಕಳ ನಡುವೆ ಉಜ್ಜೀವನ, ಎಂದರೆ ವಿಶ್ವಾಸದ ಹೊಸ ಎಚ್ಚರ, ಆರಂಭವಾಯಿತು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಇಂದಿನ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ಅವರ ಜೊತೆಗಿದ್ದ ಮಿನ್ನಿ ಏಬ್ರಾಮ್ಸ್ ಅಮೆರಿಕದ ಮೆಥೊಡಿಸ್ಟ್ ಸೇವಕಿ. ಅದೇ 1905ರಲ್ಲಿ ಖಾಸಿ ಬೆಟ್ಟಗಳಲ್ಲಿ ಉಜ್ಜೀವನ ಕಂಡದ್ದು ವೇಲ್ಸಿನ ಮಿಷನ್ ಕಟ್ಟಿದ ಸಭೆಗಳಲ್ಲಿ. ಆ ಮಿಷನ್ನಿನವರು ಕ್ಯಾಲ್ವಿನ್ ಬೋಧನೆಯನ್ನು ಒಪ್ಪಿದ ಮೆಥೊಡಿಸ್ಟರು! ಕ್ಯಾಲ್ವಿನ್ ಒಂದು ಕಡೆ, ಪವಿತ್ರಾತ್ಮನ ಉರಿ ಇನ್ನೊಂದು ಕಡೆ ಎಂದು ಗೆರೆ ಎಳೆಯುವವರಿಗೆ ಈ ಇತಿಹಾಸ ಒಗ್ಗುವುದಿಲ್ಲ. ರಮಾಬಾಯಿಯವರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆಯೇ ಒಂದು ಕೆಲಸ. ಉಜ್ಜೀವನದ ಕಾವಿನ ನಡುವೆಯೂ ಅವರು ಇಬ್ರಿಯ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ. ಆತ್ಮನು ಬಂದ ಮನೆಯಲ್ಲಿ ವ್ಯಾಕರಣದ ಪುಸ್ತಕವೂ ತೆರೆದಿತ್ತು.

ಇನ್ನು ಹುಡುಗರು ಓದುತ್ತಿರುವುದೇನು? ರಿಫಾರ್ಮ್ಡ್ ಎಂದರೆ ಹದಿನಾರನೇ ಶತಮಾನದಲ್ಲಿ ಜ್ಯೂರಿಕ್, ಜಿನೀವಾಗಳಿಂದ ಹೊರಟ ಸುಧಾರಣೆಯ ಧಾರೆ. ಕ್ಯಾಲ್ವಿನ್ ತನ್ನ ದೊಡ್ಡ ಗ್ರಂಥದ ಮೊದಲ ರೂಪವನ್ನು 1536ರಲ್ಲಿ, ಕೊನೆಯ ರೂಪವನ್ನು 1559ರಲ್ಲಿ ಪ್ರಕಟಿಸಿದ. ಡಚ್ ನಾಡಿನ ಡಾರ್ಟ್‌ನಲ್ಲಿ 1618–19ರಲ್ಲಿ ಕೂಡಿದ ಸಭಾಮಂಡಲಿ, ಮೊದಲೇ ನೇಮಿಸುವ ಬೋಧನೆಯನ್ನು ಪ್ರಶ್ನಿಸಿದ ಆರ್ಮಿನಿಯಸ್‌ನ ಹಿಂಬಾಲಕರಿಗೆ ಉತ್ತರವಾಗಿ ಕೃಪೆಯ ಬೋಧನೆಯನ್ನು ಬಿಡಿಸಿ ಬರೆಯಿತು. ಇಂದು ‘ಐದು ಅಂಶಗಳು’ ಎಂದು ಹುಡುಗರು ಬಾಯಿಪಾಠ ಮಾಡುವುದು ಅದರಿಂದ ಬಂದದ್ದು. ಪ್ರವಾದನೆಯ ಚರ್ಚೆಗೆ ಮುಖ್ಯವಾದದ್ದು 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ. ದೇವರು ತನ್ನ ಚಿತ್ತವನ್ನು ಪ್ರಕಟಿಸುತ್ತಿದ್ದ ಹಿಂದಿನ ರೀತಿಗಳು ಈಗ ನಿಂತಿವೆ ಎಂದು ಅದರ ಮೊದಲ ಅಧ್ಯಾಯ ಹೇಳುತ್ತದೆ. ಆತ್ಮನ ಹೊಸ ಪ್ರಕಟನೆ ಎಂದಾಗಲಿ ಮನುಷ್ಯರ ಸಂಪ್ರದಾಯ ಎಂದಾಗಲಿ ಶಾಸ್ತ್ರಕ್ಕೆ ಏನನ್ನೂ ಯಾವಾಗಲೂ ಸೇರಿಸಬಾರದು ಎಂದೂ ಹೇಳುತ್ತದೆ. ಆದರೆ ಅದೇ ಜಾಗದಲ್ಲಿ, ಓದಿದ್ದು ಹೃದಯಕ್ಕೆ ಇಳಿಯಬೇಕಾದರೆ ಪವಿತ್ರಾತ್ಮನ ಒಳಬೆಳಕು ಬೇಕೇ ಬೇಕು ಎಂದಿದೆ. ಈ ಎರಡನೆಯ ಭಾಗವನ್ನು ಹುಡುಗರು ಬೇಗ ದಾಟಿಬಿಡುತ್ತಾರೆ.

ರಿಫಾರ್ಮ್ಡ್ ಎಂದರೆ ಪ್ರವಾದನೆ ನಿಂತುಹೋಯಿತು ಎನ್ನುವವರು ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಕೃಪೆಯ ವಿಷಯದಲ್ಲಿ ಕ್ಯಾಲ್ವಿನ್ ಜೊತೆಗಿರುವ ಅಮೆರಿಕದ ವೇದಪಂಡಿತ ವೇಯ್ನ್ ಗ್ರೂಡೆಮ್, 1988ರ ತಮ್ಮ ಪುಸ್ತಕದಲ್ಲಿ ಒಂದು ನಡುದಾರಿ ತೋರಿಸಿದರು: ಹಳೆಯ ಒಡಂಬಡಿಕೆಯ ಪ್ರವಾದಿಯ ಮಾತು ತಪ್ಪಲಾರದ ದೇವರ ಮಾತು, ಹೊಸ ಒಡಂಬಡಿಕೆಯ ಸಭೆಗಳಲ್ಲಿನ ಪ್ರವಾದನೆ ಹಾಗಲ್ಲ, ದೇವರು ಮನಸ್ಸಿಗೆ ತಂದದ್ದನ್ನು ಮನುಷ್ಯ ತನ್ನ ಮಾತಿನಲ್ಲಿ ಹೇಳುವುದು, ಅದರಲ್ಲಿ ತಪ್ಪೂ ಸೇರಬಹುದು. ಇದಕ್ಕೆ ಮೊದಲೇ, 1979ರಲ್ಲಿ, ಅಲ್ಲಿಯ ಇನ್ನೊಬ್ಬ ವೇದಪಂಡಿತ ರಿಚರ್ಡ್ ಗಾಫಿನ್ ಎಫೆಸ 2:20ನ್ನು ಹಿಡಿದು ಎದುರು ವಾದ ಕಟ್ಟಿದ್ದರು: ಅಪೊಸ್ತಲರೂ ಪ್ರವಾದಿಗಳೂ ಸಭೆಯ ಅಸ್ತಿವಾರ; ಅಸ್ತಿವಾರವನ್ನು ಒಮ್ಮೆ ಹಾಕುತ್ತಾರೆ, ಪ್ರತಿ ಅಂತಸ್ತಿಗೂ ಹಾಕುವುದಿಲ್ಲ.

ಈ ವಾದವೆಲ್ಲ ಬಂದು ನಿಲ್ಲುವುದು ಅಗಬ ಎಂಬ ಒಬ್ಬ ಪ್ರವಾದಿಯ ನಡುಕಟ್ಟಿನ ಕಥೆಯಲ್ಲಿ. ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯದಲ್ಲಿ ಅವನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಯೆರೂಸಲೇಮಿನಲ್ಲಿ ಯೆಹೂದ್ಯರು ಇದರ ಒಡೆಯನನ್ನು ಹೀಗೆಯೇ ಕಟ್ಟಿ ಅನ್ಯಜನರ ಕೈಗೆ ಒಪ್ಪಿಸುತ್ತಾರೆ ಎನ್ನುತ್ತಾನೆ. ಆದರೆ ಮುಂದೆ ನಡೆದದ್ದನ್ನು ಓದಿದರೆ ಪೌಲನಿಗೆ ಬೇಡಿ ಹಾಕಿಸಿದ್ದು ರೋಮಿನ ಸಹಸ್ರಾಧಿಪತಿ. ಯೆಹೂದ್ಯರು ಅವನನ್ನು ಒಪ್ಪಿಸಲಿಲ್ಲ, ಹೊಡೆದು ಕೊಲ್ಲಲು ನೋಡುತ್ತಿದ್ದರು. ಹಾಗಾದರೆ ಅಗಬನು ವಿವರದಲ್ಲಿ ತಪ್ಪಿದನೇ? ಹೌದು ಎನ್ನುತ್ತಾರೆ ಗ್ರೂಡೆಮ್. ಇಲ್ಲ ಎನ್ನುವವರು 28ನೇ ಅಧ್ಯಾಯ ತೆರೆದು ತೋರಿಸುತ್ತಾರೆ. ಅಲ್ಲಿ ಪೌಲನೇ ‘ಯೆರೂಸಲೇಮಿನಿಂದ ನನ್ನನ್ನು ರೋಮಿನವರ ಕೈಗೆ ಒಪ್ಪಿಸಿದರು’ ಎಂದು ಅಗಬನ ಮಾತನ್ನೇ ತನ್ನ ಬಾಯಲ್ಲಿ ಹೇಳುತ್ತಾನೆ. ಪಡಸಾಲೆಯಲ್ಲಿ ಈ ಎರಡು ಅಧ್ಯಾಯಗಳನ್ನು ಎದುರುಬದುರು ಇಟ್ಟು ಓದಿದ ಸಂಜೆ ನಾನಿದ್ದೆ. ಒಬ್ಬ ಕನ್ನಡದಲ್ಲಿ ಓದಿದ, ಇನ್ನೊಬ್ಬ ತೆಲುಗಿನಲ್ಲಿ, ಮತ್ತೊಬ್ಬ ಇಂಗ್ಲಿಷಿನಲ್ಲಿ. ‘ಒಪ್ಪಿಸಿದರು’ ಎಂಬ ಒಂದು ಕ್ರಿಯಾಪದದ ಮೇಲೆ ಒಂದು ತಾಸು ಕಳೆಯಿತು. ನನಗೆ ಗಾಫಿನ್ ಅವರ ಓದು ಹೆಚ್ಚು ಗಟ್ಟಿ ಎನಿಸುತ್ತದೆ. ಆದರೂ ಆ ಸಂಜೆಯ ಸಂತೋಷ ಯಾರು ಗೆದ್ದರು ಎಂಬುದರಲ್ಲಿರಲಿಲ್ಲ. ದೇವರ ಮಾತನ್ನು ಸಾಮಾನ್ಯರು ಹೀಗೆ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ತೂಗಿದ್ದನ್ನು ನಾನು ನಮ್ಮ ಕಡೆ ಮೊದಲು ಕಂಡಿರಲಿಲ್ಲ.

ಇದಕ್ಕೊಂದು ಹಳೆಯ ಹೆಸರಿದೆ, ಮತ್ತು ಆ ಹೆಸರು ಎರಡೂ ಕಡೆಯವರಿಗೆ ಅಚ್ಚರಿ ತರುತ್ತದೆ. ಜ್ಯೂರಿಕ್‌ನಲ್ಲಿ ಸುಧಾರಕ ಜ್ವಿಂಗ್ಲಿ 1525ರಲ್ಲಿ ಪಾದ್ರಿಗಳನ್ನೂ ವಿದ್ಯಾರ್ಥಿಗಳನ್ನೂ ದೊಡ್ಡ ದೇವಾಲಯದಲ್ಲಿ ಕೂಡಿಸಿ, ಒಂದು ಶಾಸ್ತ್ರಭಾಗವನ್ನು ಲತೀನಿನಲ್ಲಿ, ಇಬ್ರಿಯದಲ್ಲಿ, ಗ್ರೀಕಿನಲ್ಲಿ ಓದಿಸಿ, ಕೊನೆಗೆ ಊರಿನ ಜನರಿಗೆ ಅವರ ಜರ್ಮನ್ ನುಡಿಯಲ್ಲಿ ಬಿಡಿಸಿ ಹೇಳುವ ಏರ್ಪಾಡು ಮಾಡಿದ. ಅದಕ್ಕೆ ಬಿದ್ದ ಹೆಸರು ‘ಪ್ರೊಫೆಟ್ಸೈ’, ಎಂದರೆ ಪ್ರವಾದನೆ. ಪ್ರವಾದಿಗಳು ಇಬ್ಬರು ಮೂವರು ಮಾತಾಡಲಿ, ಮಿಕ್ಕವರು ವಿವೇಚಿಸಲಿ ಎಂಬ ಪೌಲನ ಮಾತೇ ಅದಕ್ಕೆ ಆಧಾರ. ಇಂಗ್ಲೆಂಡಿನಲ್ಲಿಯೂ, ಅಲ್ಲಿಯ ಸಭೆ ಇನ್ನೂ ಶುದ್ಧವಾಗಬೇಕು ಎನ್ನುತ್ತಿದ್ದ ಪ್ಯೂರಿಟನ್ನರ ಇಂಥ ಕೂಟಗಳಿಗೆ ಅದೇ ಹೆಸರಿತ್ತು. 1577ರಲ್ಲಿ ರಾಣಿ ಎಲಿಜಬೆತ್ ಅವುಗಳನ್ನು ನಿಲ್ಲಿಸಲು ಆಜ್ಞೆ ಕೊಟ್ಟಳು, ಆಜ್ಞೆ ಪಾಲಿಸಲೊಪ್ಪದ ಆರ್ಚ್‌ಬಿಷಪ್ ಗ್ರಿಂಡಲ್ ಅಧಿಕಾರ ಕಳೆದುಕೊಂಡರು. ಜನ ತಾವೇ ತೂಗಲು ಕಲಿತರೆ ಸಿಂಹಾಸನಕ್ಕೆ ಕಸಿವಿಸಿಯಾಗುತ್ತದೆ. ವೇದಿಕೆಗೂ ಆಗುತ್ತದೆ.

ತೂಗುವುದು ಹೇಗೆ ಎಂಬುದನ್ನು ಸತ್ಯವೇದ ಮರೆಮಾಡಿಲ್ಲ. ಥೆಸಲೋನಿಕದವರಿಗೆ ಬರೆಯುವಾಗ ಪೌಲನು ಆತ್ಮನನ್ನು ನಂದಿಸಬೇಡಿರಿ, ಪ್ರವಾದನೆಗಳನ್ನು ಹೀನೈಸಬೇಡಿರಿ ಎಂದವನೇ, ಅದೇ ಉಸಿರಿನಲ್ಲಿ ಎಲ್ಲವನ್ನೂ ಪರಿಶೋಧಿಸಿರಿ ಎನ್ನುತ್ತಾನೆ. ಧರ್ಮೋಪದೇಶಕಾಂಡದ 18ನೇ ಅಧ್ಯಾಯ, ನುಡಿದದ್ದು ನಡೆಯದಿದ್ದರೆ ಅದು ಯೆಹೋವನ ಮಾತಲ್ಲ, ಆ ಪ್ರವಾದಿಗೆ ಹೆದರಬೇಡ ಎನ್ನುತ್ತದೆ. ಯೆರೆಮೀಯನ 28ನೇ ಅಧ್ಯಾಯದಲ್ಲಿ ಹನನ್ಯನು, ಎರಡು ವರ್ಷದೊಳಗೆ ಬಾಬೆಲಿನ ನೊಗ ಮುರಿಯುತ್ತದೆ ಎಂದು ಜನರಿಗೆ ಸಿಹಿಯಾದ ಮಾತು ಹೇಳುತ್ತಾನೆ. ಯೆರೆಮೀಯನ ಮೊದಲ ಉತ್ತರ ‘ಆಮೆನ್, ಹಾಗೆಯೇ ಆಗಲಿ’! ಅವನಿಗೂ ಅದು ನಿಜವಾಗಲಿ ಎಂಬ ಆಸೆ. ಆದರೆ ಸಮಾಧಾನ ನುಡಿಯುವ ಪ್ರವಾದಿಯನ್ನು ಮಾತು ನೆರವೇರಿದಾಗಲೇ ನಂಬಬೇಕು ಎಂದು ಜೊತೆಗೇ ಹೇಳುತ್ತಾನೆ. ಅಪೊಸ್ತಲರ ನಂತರದ ತಲೆಮಾರುಗಳ ‘ದಿದಾಖೆ’ ಎಂಬ ಪುಟ್ಟ ಕೈಪಿಡಿ ಇನ್ನೂ ನೇರ: ತನಗಾಗಿ ಹಣ ಕೇಳುವವನು ಸುಳ್ಳು ಪ್ರವಾದಿ, ಮೂರು ದಿನ ಮನೆಯಲ್ಲಿ ಉಳಿದುಕೊಳ್ಳುವವನೂ ಸುಳ್ಳು ಪ್ರವಾದಿ. ಕೊಟ್ಟದ್ದು ಹಲವು ಪಟ್ಟಾಗಿ ಮರಳುತ್ತದೆ ಎನ್ನುವ ‘ಬೀಜದ ಕಾಣಿಕೆ’ಯ ಹೆಸರಿನಲ್ಲಿ ಫೋನ್‌ಪೇ ನಂಬರು ಪರದೆಯ ಮೇಲೆ ಬಂದಾಗ ನಮ್ಮ ಎಷ್ಟು ಸಭೆಗಳಲ್ಲಿ ಈ ಮಾತು ನೆನಪಾಗುತ್ತದೆ?

ತಪ್ಪಿದವರು ಒಪ್ಪಿಕೊಂಡ ಉದಾಹರಣೆಯೂ ಇದೆ. 2020ರ ಅಮೆರಿಕದ ಚುನಾವಣೆಯಲ್ಲಿ ಟ್ರಂಪ್ ಗೆಲ್ಲುತ್ತಾರೆ ಎಂದು ದೇವರ ಹೆಸರಿನಲ್ಲಿ ಸಾರಿದ್ದ ಜೆರೆಮಿಯಾ ಜಾನ್ಸನ್, 2021ರ ಜನವರಿಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರಿಗೆ ಕೊಲೆ ಬೆದರಿಕೆಗಳು ಬಂದದ್ದು ಸುಳ್ಳು ನುಡಿದದ್ದಕ್ಕಲ್ಲ, ಕ್ಷಮೆ ಕೇಳಿದ್ದಕ್ಕೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಆತ್ಮವರಗಳ ಚಳವಳಿಯ ನಾಯಕರೇ ಹಲವರು ಸೇರಿ, ಬಹಿರಂಗವಾಗಿ ನುಡಿದದ್ದು ತಪ್ಪಾದರೆ ಬಹಿರಂಗವಾಗಿಯೇ ಒಪ್ಪಿಕೊಳ್ಳಬೇಕು ಎಂಬ ಮಾನದಂಡಗಳಿಗೆ ಸಹಿ ಹಾಕಿದರು. ಕಲ್ಯಾಣ ಕರ್ನಾಟಕದ ಕೂಟಗಳ ಸಂಘಟಕರು ಕನಿಷ್ಠ ಇಷ್ಟನ್ನಾದರೂ ಮಾಡಬಹುದಲ್ಲವೇ? ಔಷಧಿ ಬಿಡಿ ಎಂದು ಯಾರೂ ವೇದಿಕೆಯಿಂದ ಹೇಳಕೂಡದು. ಕಳೆದ ವರ್ಷ ನುಡಿದದ್ದರಲ್ಲಿ ಏನಾಯಿತು ಎಂದು ಈ ವರ್ಷ ಅದೇ ವೇದಿಕೆಯಲ್ಲಿ ಹೇಳಬೇಕು.

ರಿಫಾರ್ಮ್ಡ್ ಗೆಳೆಯರಿಗೂ ನನ್ನದೊಂದು ತಕರಾರಿದೆ, ಪ್ರೀತಿಯಿಂದಲೇ. ವೇದಿಕೆಯ ಸೇವಕರ ಮಾತನ್ನು ತೂಗುವ ನೀವು ಯೂಟ್ಯೂಬಿನ ಇಂಗ್ಲಿಷ್ ಪ್ರಸಂಗಿಯ ಮಾತನ್ನು ತೂಗುತ್ತೀರಾ? ನಿಮ್ಮ ಓದಿನ ಕೂಟದಲ್ಲಿ ಅಕ್ಕತಂಗಿಯರು ಏಕಿಲ್ಲ? ಡಾರ್ಟ್ ಓದಿದ ನೀವು ವೆಸ್ಲಿಯ 1739ರ ಪ್ರಸಂಗವನ್ನು ಪೂರ್ತಿ ಓದಿದ್ದೀರಾ? ನೀವು ದೀಕ್ಷಾಸ್ನಾನ ಹೊಂದಿದ ಸಭೆಯ ಮಾತು ಅದು. ಕನ್ನಡದಲ್ಲಿ ಇಡೀ ಸತ್ಯವೇದ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರಲ್ಲಿಯೇ ಬಂತು. ‘ಕೃಪೆ’, ‘ನೀತಿ’, ‘ಆರಿಸಿಕೊಳ್ಳುವುದು’, ‘ಮೊದಲೇ ನೇಮಿಸುವುದು’ ಎಲ್ಲ ಶಬ್ದಗಳೂ ನಮ್ಮ ಕನ್ನಡ ಸತ್ಯವೇದದೊಳಗೇ ಇವೆ. ಆದರೂ ನಿಮ್ಮ ಮಾತು ತಾಯಂದಿರಿಗೆ ತಿಳಿಯುವುದಿಲ್ಲ, ಏಕೆಂದರೆ ನೀವು ಸಿದ್ಧಾಂತವನ್ನು ಇಂಗ್ಲಿಷಿನಲ್ಲಿ ನೆನಪಿಟ್ಟು ಕನ್ನಡದಲ್ಲಿ ಬರೀ ಬೈಯುತ್ತೀರಿ.

ಇನ್ನೊಂದನ್ನೂ ಹೇಳಲೇಬೇಕು. ನಮ್ಮ ಸಭೆಗಳ ಹೆಚ್ಚಿನ ಮನೆಗಳು ಹೊಲೆಮಾದಿಗರ ಕೇರಿಗಳಿಂದ ಬಂದವು. ಅಜ್ಜಂದಿರನ್ನು ಗೌಡರ ಮನೆಯ ಮುಂದೆ ಹೆಸರು ಹಿಡಿದು ಕರೆದವರಿಲ್ಲ. ಕರೆದದ್ದೆಲ್ಲ ಜಾತಿಯ ಹೆಸರೇ. 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನವೂ ಇಲ್ಲ. ಕಾಗದದಲ್ಲಿಯೂ ಅರ್ಧ ಕಾಣೆಯಾದವರು. ಅಂಥವರನ್ನು ಸಾವಿರ ಜನರ ನಡುವೆ ಒಬ್ಬರು ಎತ್ತಿ ತೋರಿಸಿ ‘ಮಗಳೇ, ದೇವರು ನಿನ್ನನ್ನು ನೋಡಿದ್ದಾನೆ’ ಎಂದರೆ ಅದರ ತೂಕ ಎಷ್ಟೆಂದು ಹೊರಗಿನವರಿಗೆ ತಿಳಿಯದು. ಅತ್ತೆಯ ನೋಟ್‌ಬುಕ್ ನೌಕರಿಯ ಲೆಕ್ಕವಲ್ಲ. ಅವರನ್ನು ನೋಡಿದ ದಿನಗಳ ಲೆಕ್ಕ. ಹುಡುಗರು ಎಫೆಸ ಪತ್ರದ ಮೊದಲ ಅಧ್ಯಾಯ ಹಿಡಿದು, ಲೋಕ ಹುಟ್ಟುವ ಮೊದಲೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಆರಿಸಿಕೊಂಡನು ಎಂದು ಕಣ್ಣು ತುಂಬಿ ಓದುವಾಗ ಅವರಿಗೆ ಬೇಕಾಗಿರುವುದೂ ಅದೇ. ದೇವರಿಗೆ ನನ್ನ ಹೆಸರು ಗೊತ್ತೇ ಎಂಬ ಒಂದೇ ಪ್ರಶ್ನೆಗೆ ತಾಯಿ ಮೈದಾನದಲ್ಲಿ ಉತ್ತರ ಹುಡುಕಿದರು, ಮಗ ಪ್ರಶ್ನೋತ್ತರಿಯಲ್ಲಿ ಹುಡುಕುತ್ತಿದ್ದಾನೆ. ಮಗನ ಉತ್ತರ ಹೆಚ್ಚು ಭದ್ರ ಎಂದು ನಾನು ನಂಬುತ್ತೇನೆ. ಅದು ಯಾವ ವೇದಿಕೆಯ ಮೇಲೂ ನಿಂತಿಲ್ಲ, ಮಾತ್ರೆ ಬಿಡಲೂ ಹೇಳುವುದಿಲ್ಲ. ಆದರೆ ತಾಯಿಯ ಹಸಿವನ್ನು ಮೂಢತನ ಎಂದು ಕರೆದ ದಿನ ಮಗ ತನ್ನ ಸಿದ್ಧಾಂತವನ್ನೇ ಮರೆತಂತೆ.

ಹೋದ ಶನಿವಾರ ಅತ್ತೆ ಚಹದ ತಟ್ಟೆ ಇಟ್ಟು ಅಡುಗೆಮನೆಗೆ ಹೋಗಲಿಲ್ಲ. ಬಾಗಿಲ ಬಳಿಯೇ ಗೋಡೆಗೊರಗಿ ಕೂತರು, ತೊಡೆಯ ಮೇಲೆ ಆ ನೋಟ್‌ಬುಕ್. ಹುಡುಗರು ಧರ್ಮೋಪದೇಶಕಾಂಡ ಮುಗಿಸಿದ ಮೇಲೆ ಮೆಲ್ಲಗೆ ಕೇಳಿದರು: “ತಮ್ಮಾ, ನೀವು ಓದಿದ್ದು ತಿಳಿಯಿತು. ನೌಕರಿಯ ಮಾತು ಸುಳ್ಳಾಯಿತು, ಒಪ್ಪುತ್ತೇನೆ. ಆದರೆ ನಿಮ್ಮ ಮಾವ ತೀರಿಕೊಂಡ ವರ್ಷ, ನಾನು ಊಟ ಬಿಟ್ಟು ಕೂತಿದ್ದಾಗ, ಆ ಕೂಟದಲ್ಲಿ ನನ್ನ ಹೆಸರು ಹಿಡಿದು ‘ಅಳಬೇಡ’ ಎಂದದ್ದು ಯಾರು ಹಾಗಾದರೆ?”

ಯಾರೂ ಬಾಯಿ ತೆರೆಯಲಿಲ್ಲ. ಮಗ ಮೊಬೈಲು ಬದಿಗಿಟ್ಟು, ಚಾಪೆಯ ಮೇಲಿದ್ದ ಕನ್ನಡ ಸತ್ಯವೇದವನ್ನು ಎತ್ತಿಕೊಂಡು, ನಿನ್ನ ಹೆಸರು ಹಿಡಿದು ಕರೆದಿದ್ದೇನೆ ಎಂದು ದೇವರು ಹೇಳುವ ಯೆಶಾಯನ 43ನೇ ಅಧ್ಯಾಯ ತೆಗೆದ. “ಅವ್ವ, ನೀನೇ ಓದು” ಎಂದು ಅವರ ಕೈಗೆ ಕೊಟ್ಟ. ಅವರು ಕನ್ನಡಕ ಹುಡುಕಿದರು.